ಐದಾದ ಮೇಲೆ ಉಸ್ಸಪ್ಪಾ

ಅಪ್ಪಾ,

ಪುಟ್ಟಿ ಇನ್ನೂ ಮಲಗಿದ್ದಾಳೆ, ನಾನು ಬೇಕರಿಗೆ ಹೊರಟೆ. ಹಾಲು ಕಾಯಿಸಿಟ್ಟಿದ್ದೀನಿ. ಅವಳಿಗೆ ಸಕ್ಕರೆ ಒಂದೇ ಚಮಚ, ನಿನಗೂ ಅಷ್ಟೇ.

ಮೆಟ್ಟಿಲು ಹತ್ತುವಾಗ ಒಂದರಿಂದ ಹದಿನೈದು, ಇಳಿಯುವಾಗ ಹದಿನೈದರಿಂದ ಒಂದು ಅಂತ ಮೊಮ್ಮಗಳಿಗೆ ಎಣಿಸೋದು ಕಲಿಸಿದವನು ನೀನು. ಭೇಷ್! ನಿನ್ನೆ ಪಕ್ಕದ ಮನೆಯವರ ಮುಂದೆ ಎಣಿಸು ಅಂದೆ. ಮಂಡಿ ಹಿಡ್ಕೊಂಡು "ನಾಲ್ಕು, ಐದು, ಉಸ್ಸಪ್ಪಾ, ಆರು" ಅಂದಳು. ಹಿಂದಿನಿಂದ ಎಣಿಸು ಅಂದರೂ ಆರಕ್ಕೂ ಐದಕ್ಕೂ ನಡುವೆ ಅದೇ ಉಸ್ಸಪ್ಪಾ! ನಕ್ಕು ನಕ್ಕು ಎಲ್ಲರ ಹೊಟ್ಟೆ ಹುಣ್ಣಾಯ್ತು.

ಆಮೇಲೆ ಹೊಳೀತು. ನೀನು ನಿಂತು ಸುಧಾರಿಸಿಕೊಳ್ಳೋ ಜಾಗ ಅದು. ಹೋದ ತಿಂಗಳು ಅವಳು ಹತ್ತಾದ ಮೇಲೆ ಉಸ್ಸಪ್ಪಾ ಅಂತಿದ್ದಳು, ನಾನು ಹುಡುಗಾಟ ಅಂದುಕೊಂಡಿದ್ದೆ. ಈಗ ಐದಕ್ಕೇ ಬಂದಿದೆ. ನೋವು ಇಷ್ಟಾಗೋವರೆಗೂ ನೀನು ಬಾಯಿ ಬಿಡಲಿಲ್ಲ ಅಲ್ವಾ?

ಸಂಜೆ ನಾಲ್ಕಕ್ಕೆ ಬರ್ತೀನಿ, ಡಾಕ್ಟರ್ ಹತ್ರ ಹೋಗೋಣ. ಚಪ್ಪಲಿ ಹಾಕ್ಕೊಂಡು ಕೂತಿರು. ಅಲ್ಲಿ ಹೋಗಿ "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಅಂತ ರಾಗ ತೆಗೀಬೇಡ.

ಪುಟ್ಟಿಯೂ ಬರ್ತಾಳೆ. ಡಾಕ್ಟರ್ ಮುಂದೆ ಎಣಿಸಿ ತೋರಿಸ್ತಾಳೆ.