ನನ್ನ ಬದಲಿಗೆ ಹೋದವಳು

ಫೆಬ್ರವರಿ 5, ಬುಧವಾರ. ಬೆಳಿಗ್ಗೆ 9.20
ಮೀಟಿಂಗ್ ಮುಗಿಸಿ ಬಂದೆ. ಏಳಕ್ಕೆ ಎರಡು ನಿಮಿಷ ಇರುವಾಗಲೇ ಹಾಲ್ ಒಳಗಿದ್ದೆ. ಮೂರು ವರ್ಷದಲ್ಲಿ ಒಂದು ಬುಧವಾರವೂ ತಪ್ಪಿಸಿಲ್ಲ. ಮೂವತ್ತು ಜನ ವ್ಯಾಪಾರಸ್ಥರು, ಒಂದು ಕಸುಬಿಗೆ ಒಂದೇ ಸೀಟು, ಒಬ್ಬರಿಗೊಬ್ಬರು ಗಿರಾಕಿ ಹುಡುಕಿ ಚೀಟಿ ಕೊಡಬೇಕು. ಆರು ತಿಂಗಳಲ್ಲಿ ಮೂರು ಸಲ ಗೈರಾದರೆ ಸೀಟು ಬೇರೆಯವರ ಪಾಲು. ಪೆಸ್ಟ್ ಕಂಟ್ರೋಲ್ ಸೀಟು ನನ್ನದು. ಬೆನ್ನ ಹಿಂದೆ ‘ಗೆದ್ದಲಮ್ಮ’ ಅನ್ನುತ್ತಾರೆ. ಅನ್ನಲಿ. ಇವತ್ತು ಎರಡು ಚೀಟಿ — ಡೆಂಟಿಸ್ಟ್ ಕ್ಲಿನಿಕ್ಕಿನ ಜಿರಳೆ, ಯಾರದೋ ಅಟ್ಟದ ಇಲಿ.

ಫೆಬ್ರವರಿ 11
ನಿನ್ನೆ ಗೋದಾಮಿನ ಮೆಟ್ಟಿಲಲ್ಲಿ ಕಾಲು ಜಾರಿತು. ಕಾಲಿನ ಗಂಟಿನ ಮೂಳೆ ಮುರಿದಿದೆ. ಆರು ವಾರ ಪ್ಲಾಸ್ಟರ್. ಅಂದರೆ ಆರು ಬುಧವಾರ! ಬದಲಿಗೆ ಯಾರನ್ನಾದರೂ ಕಳಿಸಿದರೆ ಗೈರು ಬೀಳುವುದಿಲ್ಲ. ಇವರು ಕೈಮುಗಿದುಬಿಟ್ಟರು — ಬೆಳಿಗ್ಗೆ ಏಳಕ್ಕೆ ನಗುನಗುತ್ತಾ ಮಾತಾಡಲು ಇವರಿಂದ ಆಗುವುದಿಲ್ಲವಂತೆ. ಇವರ ತಂಗಿ, ಐದು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿರುವ ನಮ್ಮ ಆಫೀಸಿನಲ್ಲಿ ಫೋನ್ ನೋಡಿಕೊಳ್ಳುವವಳು, ತಾನು ಹೋಗುತ್ತೇನೆ ಎಂದಳು.
“ಅಷ್ಟು ಜನರ ಮುಂದೆ ನಿಂತು ಮಾತಾಡ್ತೀಯಾ?”
“ಒಂದು ನಿಮಿಷ ತಾನೇ ಅತ್ತಿಗೆ? ನಿಮ್ಮನ್ನ ಹೊಗಳೋದ್ರಲ್ಲೇ ಮುಗಿದುಹೋಗುತ್ತೆ.”

ಫೆಬ್ರವರಿ 12, ಬುಧವಾರ
ಐದು ಚೀಟಿ ತಂದಳು. ಮೊದಲ ದಿನವೇ ಐದು. ಸಂತೋಷವಾಗಬೇಕಿತ್ತು…

ಫೆಬ್ರವರಿ 19
ಏಳು ಚೀಟಿ. ಮೇಲಾಗಿ ಗುಂಪಿನ ಪೇಂಟಿಂಗ್ ಕಂಟ್ರಾಕ್ಟರ್ ಫೋನು. “ನಿಮ್ಮ ನಾದಿನಿ ಏನ್ ಮಾತಾಡ್ತಾರೆ ಮೇಡಂ! ಎಲ್ರೂ ಬಿದ್ದು ಬಿದ್ದು ನಕ್ಕರು. ನೀವು ಆರಾಮಾಗಿ ರೆಸ್ಟ್ ತಗೊಳ್ಳಿ, ಏನೂ ಅವಸರ ಇಲ್ಲ.”
ಅವಸರ ಇಲ್ಲವಂತೆ. ಯಾರಿಗೆ?

ಫೆಬ್ರವರಿ 26. ಮಧ್ಯಾಹ್ನ
ಮೀಟಿಂಗ್ ಮುಗಿಯುವುದು ಎಂಟೂವರೆಗೆ. ಅವಳು ಬಂದದ್ದು ಹತ್ತೂಕಾಲಿಗೆ. ಕನ್ನಡಕದಂಗಡಿಯವರ ಜೊತೆ ಮಾತಾಡುತ್ತಿದ್ದಳಂತೆ. ಅವರು ಗುಂಪಿನ ಅಧ್ಯಕ್ಷರು. ಏನು ಮಾತು ಎಂದರೆ “ಸುಮ್ನೆ” ಎಂದು ಫೋನ್ ಎತ್ತಿ ಹಲೋ ಅಂದಳು. ಫೋನ್ ರಿಂಗೇ ಆಗಿರಲಿಲ್ಲ.
ಇವರಿಗೆ ಹೇಳಿದರೆ ನಗು. “ಸಂದುಗೊಂದು ಇಣುಕಿ ಇಣುಕಿ ನಿಂಗೆ ಎಲ್ಲರ ತಲೇಲೂ ಜಿರಳೆ ಕಾಣುತ್ತೆ.” ತಂಗಿಯಲ್ಲವೇ, ಬಿಟ್ಟುಕೊಡುತ್ತಾರೆಯೇ?

ಮಾರ್ಚ್ 5
ಗೋದಾಮಿನ ಕೀಲಿ ಬೇಕಿತ್ತು, ಅವಳ ಬ್ಯಾಗ್ ತೆರೆದೆ. ಇಲ್ಲಿ ಸುಳ್ಳೇಕೆ? ಕೀಲಿ ಬೇಕಿರಲಿಲ್ಲ.
ಗುಂಪಿನ ಸದಸ್ಯತ್ವದ ಅರ್ಜಿ. ಅವಳ ಹೆಸರು, ಅವಳ ದುಂಡಗಿನ ಅಕ್ಷರ. ‘ಅನುಭವ: ಪೆಸ್ಟ್ ಕಂಟ್ರೋಲ್ ಕಂಪನಿಯಲ್ಲಿ ಐದು ವರ್ಷ.’ ಪುಟ ತಿರುಗಿಸುವಷ್ಟರಲ್ಲಿ ಹೆಜ್ಜೆ ಸಪ್ಪಳ. ವಾಪಸ್ ಇಟ್ಟೆ.
ನನ್ನ ಸೀಟು. ನನ್ನ ಮೂಗಿನ ಕೆಳಗೇ.

ಮಾರ್ಚ್ 6. 11 ಗಂಟೆ
ಅವಳು ಬ್ಯಾಂಕಿಗೆ ಹೋದಾಗ ಕನ್ನಡಕದಂಗಡಿಗೆ ಫೋನ್ ಮಾಡಿದೆ. “ನನ್ನ ನಾದಿನಿ ಅರ್ಜಿ ಕೊಟ್ರೆ ತಗೋಬೇಡಿ. ನಂಬೋ ಹಾಗಿಲ್ಲ ಅವಳನ್ನ.”
“ನಿಮ್ಮ ನಾದಿನೀನಾ?” ಎಂದು ಎರಡು ಸಲ ಕೇಳಿದರು. “ನೀವೇ ಹೀಗೆ ಹೇಳಿದ್ಮೇಲೆ ಮುಗೀತಲ್ಲ ಮೇಡಂ.”
ಮನಸ್ಸು ಹಗುರಾಯಿತು.

ಮಾರ್ಚ್ 12
ಮೀಟಿಂಗಿನಿಂದ ಬಂದವಳು ಊಟ ಮಾಡಲಿಲ್ಲ. ನಾನು ಮಾಡಿದೆ.

ಮಾರ್ಚ್ 19
ಇವತ್ತೂ ಹೋಗಿಬಂದಳು. ಆರು ಚೀಟಿ. ನಾಟಕವೋ? ಸೀಟು ಸಿಗದು ಎಂದು ಗೊತ್ತಾದ ಮೇಲೂ ಆರೂವರೆಗೇ ಹೊರಟು ಹೋಗುವುದು ಯಾಕೆ?

ಮಾರ್ಚ್ 26, ಬುಧವಾರ. 9.40
ಮೊನ್ನೆ ಪ್ಲಾಸ್ಟರ್ ತೆಗೆದರು. ಕೋಲೂರಿಕೊಂಡು ನಾನೇ ಹೋದೆ. ಚಪ್ಪಾಳೆ ತಟ್ಟಿದರು. ಆಮೇಲೆ ಅಧ್ಯಕ್ಷರು ಪಕ್ಕಕ್ಕೆ ಕರೆದರು.
“ಸೋಫಾ ಕ್ಲೀನಿಂಗ್ ಸೀಟು ಇನ್ನೂ ಖಾಲಿ ಇದೆ ಮೇಡಂ. ಬೇರೆ ಯಾರಾದ್ರೂ ಗೊತ್ತಿದ್ರೆ ಹೇಳಿ.”
“ಬೇರೆ ಯಾರಾದ್ರೂ ಅಂದ್ರೆ?”
“ನಿಮ್ಮ ನಾದಿನಿ ಕೇಳಿದ್ದು ಅದನ್ನೇ ಅಲ್ವಾ? ಸೀಟು ಸಿಕ್ಕಿದ ದಿನ ಅತ್ತಿಗೆಗೆ ನಾನೇ ಹೇಳ್ತೀನಿ, ಅಲ್ಲೀವರೆಗೆ ಗುಟ್ಟು ಅಂದಿದ್ರು. ಶಿಫಾರಸು ಮಾಡೋರು ಅನ್ನೋ ಜಾಗದಲ್ಲಿ ನಿಮ್ಮ ಹೆಸರೇ ಬರೆದಿದ್ರು. ನೀವೇ ಬೇಡ ಅಂದ್ಮೇಲೆ ನಾವು ವೋಟಿಗೂ ಹಾಕ್ಲಿಲ್ಲ. ಹೇಳಿದ್ದು ನೀವು ಅಂತ ಅವರಿಗೆ ತಿಳಿಸಿಲ್ಲ, ಗಾಬರಿ ಬೇಡ.”
ನಾನು ತಿರುಗಿಸದೇ ಬಿಟ್ಟ ಎರಡನೇ ಪುಟದಲ್ಲಿ ನನ್ನ ಹೆಸರು.
ಕೋಲು ಮರೆತು ಮೆಟ್ಟಿಲಿಳಿಯಲು ಹೋದೆ. ಹುಷಾರು, ಮೂಳೆ ಇನ್ನೂ ಎಳೆಯದು ಎಂದು ಡೆಂಟಿಸ್ಟ್ ಕೈಹಿಡಿದರು.

ಅದೇ ದಿನ. 11.15
ಅವಳೇ ಕುರ್ಚಿ ಎಳೆದುಕೊಂಡು ಬಂದಳು. “ಅತ್ತಿಗೆ, ಒಂದು ವಿಷ್ಯ ಹೇಳ್ತೀನಿ, ನಗಬಾರದು.” ಎಲ್ಲ ಹೇಳಿದಳು. ನಾವು ಔಷಧ ಹೊಡೆಯುವ ಮನೆಯವರೆಲ್ಲ ಸೋಫಾ ತೊಳೆಯುವವರು ಗೊತ್ತಾ ಎಂದು ಕೇಳುತ್ತಾರಲ್ಲ, ಅದನ್ನೇ ಶುರು ಮಾಡೋಣ ಅಂದುಕೊಂಡಳಂತೆ.
“ಯಾರೋ ನನ್ನ ಬಗ್ಗೆ ಏನೋ ಹೇಳಿದ್ದಾರೆ ಅತ್ತಿಗೆ. ಅಲ್ಲಿ ನನಗೆ ಯಾರು ಆಗದವರು? ನಿಮ್ಮ ಮಾತಿಗೆ ಬೆಲೆ ಇದೆ. ಒಂದ್ಸಲ ವಿಚಾರಿಸ್ತೀರಾ?”
“ವಿಚಾರಿಸ್ತೀನಿ” ಎಂದೆ. ಎಂದೇಬಿಟ್ಟೆ!
ಈಗ ಎದುರು ಮೇಜಿನಲ್ಲಿ ಯಾರಿಗೋ ಗೆದ್ದಲಿನ ರೇಟು ಹೇಳುತ್ತಿದ್ದಾಳೆ. ಮಾತು ಮುಗಿದ ಕೂಡಲೇ ಹೇಳಿಬಿಡಬೇಕು. ಹೇಗೆ ಶುರು ಮಾಡಲಿ… ಮುಗಿಯಿತು. “ಏನು ಅಷ್ಟೊಂದು ಬರೀತಿದ್ದೀರಿ ಅತ್ತಿಗೆ?” — ಎದ್ದು ಬರುತ್ತಿದ್ದಾಳೆ. ಮುಚ್ಚಿಡಲೋ, ಇದನ್ನೇ ಅವಳ ಕೈಗೆ —