ಗಂಜಿ ಹಾಕಿದ ಜಾಕೀಟು

ಇಳಕಲ್
ಡಿಸೆಂಬರ್ ೯, ೨೦೨೪

ಮಗಳು ನೇತ್ರಾಗೆ,

ಅವ್ವನ ಆಶೀರ್ವಾದ. ಆಶೀರ್ವಾದ ಇಲ್ಲಿಗೆ ಮುಗಿಯಿತು, ಇನ್ನು ಮುಂದೆ ಬರೀ ಸಿಟ್ಟು. ಫೋನಿರುವಾಗ ಕಾಗದ ಯಾಕೆ, ಅದೂ ನೀನು ಪಾಠ ಮಾಡುವ ಶಾಲೆಯ ವಿಳಾಸಕ್ಕೆ ಯಾಕೆ ಎಂದು ಕೇಳಬೇಡ. ಫೋನು ಮಾಡಿದರೆ ಅಳಿಯ ವಿಜಯಮಹಾಂತೇಶರ ಕೆಮ್ಮು ಮೊದಲು ಕೇಳಿಸುತ್ತದೆ, ನಿನ್ನ ಮಾತು ಆಮೇಲೆ.

ಶಿಮ್ಲಾದ ಚಳಿಗೆ ಉಣ್ಣೆಯ ಜಾಕೀಟು ಬೇಕೆಂದು ನೀನೇ ಹೆಣಿಕೆಯ ನಮೂನೆಯೊಂದನ್ನು ಮೊಬೈಲಿಗೆ ಕಳಿಸಿದೆ. ಕಳಿಸಿದ್ದಾದರೂ ಎಂಥದು? ತಲೆಯಿಂದ ತೂರಿಸಿಕೊಳ್ಳುವ ಸ್ವೆಟರಿನದು! ನೀನು ಸಣ್ಣವಳಿದ್ದಾಗ ಅಂಥದ್ದನ್ನು ಹಾಕಲು ಹೋದರೆ ಉಸಿರು ಕಟ್ಟುತ್ತದೆಂದು ಓಣಿಯೆಲ್ಲ ಸೇರುವಂತೆ ಅಳುತ್ತಿದ್ದೆ. ಅದಕ್ಕೇ ಮುಂಭಾಗವನ್ನು ಎರಡು ಪಾಲು ಮಾಡಿ, ಗುಂಡಿಯ ಪಟ್ಟಿ ಸೇರಿಸಿ ಹೆಣೆಯಲು ಕೂತೆ. ಜೀವಮಾನವೆಲ್ಲ ಮಗ್ಗದ ಮುಂದೆ ಕೂತವಳಿಗೆ ಎರಡು ಕಡ್ಡಿ ಯಾವ ಲೆಕ್ಕ ಎಂಬ ಸೊಕ್ಕು ಬೇರೆ. ಎಡಪಾಲು ಬಲಪಾಲಿಗಿಂತ ಗೇಣುದ್ದ ಬೆಳೆಯಿತು. ಬಿಚ್ಚಿದೆ. ಕೊರಳು ಬೆನ್ನ ಕಡೆಗೆ ಜಾರಿತು. ಮತ್ತೆ ಬಿಚ್ಚಿದೆ. ಉಣ್ಣೆಯ ಉಂಡೆಯನ್ನು ಹಿತ್ತಲಿಗೆ ಎಸೆದದ್ದೂ ಉಂಟು. ಪಕ್ಕದ ಮನೆಯ ಅಲೀಮಾ ಹೆಕ್ಕಿ ತಂದುಕೊಟ್ಟಳು.

ನಿನ್ನ ಅಳತೆಯದು ಇನ್ನೊಂದು ರಗಳೆ. ಎದೆ ಮೂವತ್ತೆರಡು ಇಂಚು ಎಂದು ನೀನು ಬರೆದಿದ್ದೆ. ಟೇಪು ಹಿಡಿಯಲೂ ಬಾರದವಳು ಎಂದು ಬೈದುಕೊಂಡು, ಹೋದ ವರ್ಷ ನೀನು ಇಲ್ಲಿ ಬಿಟ್ಟುಹೋದ ಕುಬಸ ತೆಗೆದು ಅಳೆದೆ. ಮೂವತ್ತಾರು ಬಂತು. ಅದನ್ನೇ ನಂಬಿ ಹೆಣೆದೆ.

ಅಂತೂ ಮುಗಿಯಿತು. ಆದರೆ ಹಳೇ ಚೀಲದ ಹಾಗೆ ಜೋಲುತ್ತಿತ್ತು. ನೂಲು ಬಿಗಿಯಾಗಬೇಕಾದರೆ ನಮ್ಮ ಮನೆಯಲ್ಲಿ ಏನು ಮಾಡುತ್ತೇವೆ? ಗಂಜಿ ಕಾಸುತ್ತೇವೆ. ಸೀರೆಯ ನೂಲಿಗೆ ಉಣಿಸಿದ ಹಾಗೆಯೇ ಬಿಸಿಬಿಸಿ ಗಂಜಿಯಲ್ಲಿ ಜಾಕೀಟನ್ನು ಅದ್ದಿ, ಚೆನ್ನಾಗಿ ಹಿಸುಕಿ, ಬಿಸಿಲಿಗೆ ಹರವಿದೆ. ಸಂಜೆ ನೋಡಿದರೆ ಕಂಬಳಿಯ ತುಂಡಿನಂತೆ ಗಟ್ಟಿಯಾಗಿ ಕುಗ್ಗಿ ಕೂತಿತ್ತು. ಅಲೀಮಾ ಬಂದವಳು, "ಅಯ್ಯ ಬಸವೇಶ್ವರಿ, ಉಣ್ಣಿಗೆ ಯಾರರ ಬಿಸಿ ಗಂಜಿ ಹಾಕ್ತಾರೇನ? ಇದೇನ ಸೀರಿ ಅಂತ ತಿಳದೀಯೇನ?" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ನನಗೆ ಅಳು ಬಂತು. ಬಿಚ್ಚೋಣವೆಂದರೆ ಎಳೆಗೆ ಎಳೆ ಅಂಟಿಕೊಂಡು ಒಂದೂ ಬಿಡಲಿಲ್ಲ.

ಸುಮ್ಮನೆ ಟೇಪು ಹಿಡಿದೆ. ಎದೆ ಮೂವತ್ತೆರಡು.

ಆಗ ಸಿಟ್ಟು ಹೋಗಿ ಅಂಜಿಕೆ ಬಂತು. ಹಾಳಾದ ಜಾಕೀಟು ನೀನು ಕೊಟ್ಟ ಅಳತೆಗೇ ಬಂದು ನಿಂತಿದೆ. ಅದು ಕುಗ್ಗಿದ್ದು ನನ್ನ ಹುಚ್ಚುತನದಿಂದ. ನೀನು ಯಾಕೆ ಕುಗ್ಗಿದೆ, ನೇತ್ರಾ? ಕೇಳಿದಾಗಲೆಲ್ಲ "ಆರಾಮ ಅದೀನಿ ಬೇ" ಅನ್ನುತ್ತೀ, ಅದೂ ಪಕ್ಕದಲ್ಲಿ ಯಾರೋ ಹೇಳಿಕೊಟ್ಟ ಹಾಗೆ. ಮುಖ ತೋರಿಸು ಅಂದರೆ ನೆಟ್ ಇಲ್ಲ ಅನ್ನುತ್ತೀ. ಬಾಗಲಕೋಟೆಯಲ್ಲಿ ನಿನ್ನ ಅತ್ತೆ ಸಿಕ್ಕಿದ್ದರು. "ಹುಡುಗಿ ಹಗರ ಆಗ್ಯಾಳ್ರಿ, ಈಗ ಮಾತೂ ಕಡಿಮಿ ಮಾಡ್ಯಾಳ, ಚಲೋ ಆತು" ಅಂದರು. ನನ್ನ ಮಗಳು ಮಾತು ಕಡಿಮೆ ಮಾಡಿದರೆ ಅದು ಚಲೋ ಹೇಗಾಗುತ್ತದೆ? ಬಸ್ಸಿನಲ್ಲಿ ಹುನಗುಂದ ದಾಟುವವರೆಗೂ ಅದೇ ಮಾತನ್ನು ಮೆಲುಕು ಹಾಕಿದೆ.

ಈ ಕುಗ್ಗಿದ್ದನ್ನು ಕಳಿಸಬಾರದೆಂದೇ ಇದ್ದೆ. ಆದರೆ ಅಲ್ಲಿ ಚಳಿ ನನ್ನ ಹಟಕ್ಕೆ ಕಾಯುವುದಿಲ್ಲ. ಕಾಗದದ ಜೊತೆಗೇ ಕಟ್ಟಿದ್ದೇನೆ. ಒರಟಾಗಿದೆ, ಬೆಚ್ಚಗಂತೂ ಇರುತ್ತದೆ. ಹಾಕಿಕೋ. ಹೊಟ್ಟೆ ತುಂಬ ಉಣ್ಣು.

ನಿನ್ನ ಅವ್ವ,
ಬಸವೇಶ್ವರಿ

ತಾ.ಕ.: ಮೂವತ್ತಾರು ಇಂಚಿನ ಇನ್ನೊಂದನ್ನು ಶುರು ಮಾಡಿದ್ದೇನೆ. ಅದನ್ನು ಅಂಚೆಗೆ ಹಾಕುವುದಿಲ್ಲ, ಇಲ್ಲಿಗೇ ಬಂದು ತೊಟ್ಟುಕೋ. ನಮೂನೆಯಲ್ಲಿ ಒಳಕಿಸೆ ಇರಲಿಲ್ಲ, ಈಗ ಕಳಿಸಿದ ಜಾಕೀಟಿಗೆ ಅದನ್ನು ನಾನೇ ಹಚ್ಚಿ ಬಾಯಿ ಹೊಲಿದಿದ್ದೇನೆ. ಒಬ್ಬಳೇ ಇದ್ದಾಗ ಬಿಚ್ಚು. ಒಳಗೆ ನಮ್ಮ ಮನೆಯ ಕೀಲಿಕೈ ಇದೆ. ನೀನು ಬಂದಾಗ ನಾನು ಮಗ್ಗದ ಕಡೆ ಹೋಗಿದ್ದರೆ ಹೊರಗೆ ನಿಂತು ಕಾಯಬೇಡ.