ನೀಲಿ ಬಾವುಟದ ಸಾಮಂತ

ಮಾರ್ಚ್ 3, ಭಾನುವಾರ

ಎಂದಿನಂತೆ ಬಟ್ಟೆ, ಇಸ್ತ್ರಿ, ಸಂಜೆ ಕಂಪ್ಯೂಟರ್. ಆಟದಲ್ಲಿ ನಾನು ರಾಜ. ಗಡಿ ಸೀಮೆಯ ಸಾಮಂತನಾಗಿ, ನೀಲಿ ಬಾವುಟ ಹಿಡಿದು ಆಡುವವಳು ಅಕ್ಕ, ತನ್ನ ಮನೆಯಲ್ಲಿ ಕೂತು. ಅವಳು ಬೇರೆ ಮತದವನನ್ನು ಮದುವೆಯಾಗಿ ಆ ಮತಕ್ಕೇ ಸೇರಿದ ಮೇಲೆ ಅಪ್ಪ ನನ್ನ ಫೋನಿನಿಂದಲೂ ಅವಳ ನಂಬರ್ ಅಳಿಸಿ ಹಾಕಿಸಿದರು. ಮಾತಾಡುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಆಡುವುದಿಲ್ಲ ಅಂತ ಕೊಟ್ಟಿಲ್ಲ. ಆಟದ ಚಾಟ್‌ನಲ್ಲಿ ಕೇಳುತ್ತಾಳೆ — ಊಟ ಆಯ್ತಾ, ಅಪ್ಪ ಮಾತ್ರೆ ತಗೊಂಡ್ರಾ. ಹೂಂ ಅಂತ ಒತ್ತುತ್ತೇನೆ. ಅಷ್ಟೇ.

ಅಪ್ಪ ಹಿಂದೆ ಕುರ್ಚಿ ಹಾಕಿಕೊಂಡು ನೋಡುತ್ತಾರೆ. ಬಾವುಟ ಕಾಣುತ್ತದೆ, ಚಾಟ್‌ನ ಸಣ್ಣ ಅಕ್ಷರ ಕಾಣುವುದಿಲ್ಲ. ಮಗ ನಾನು ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದರೂ ಅವರದು ಅದೇ ಹಳೇ ಕನ್ನಡಕ. ಹೊಸದು ಬೇಕೆಂದು ಅವರು ಕೇಳಿಲ್ಲ. ನಾನೂ ಬಾಯಿ ಬಿಟ್ಟಿಲ್ಲ, ಬೇಕಂತಲೇ.

'ಆ ನೀಲಿಯವನು ನಂಬಿಕಸ್ತ ಕಣೋ. ಕರೆದಾಗಲೆಲ್ಲ ದಂಡು ತಗೊಂಡು ಬರ್ತಾನೆ.'

ಏನಾದರೂ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಮಾರ್ಚ್ 10, ಭಾನುವಾರ

ಗಡಿ ಸೀಮೆಯ ಪ್ರಜೆಗಳದು ಬೇರೆ ಮತ. ದಂಗೆ ಬೇಡ ಅಂತ ಅಕ್ಕ ಅವರ ಮತಕ್ಕೇ ಸೇರಿದಳು. ಆಟದಲ್ಲೂ! ತಕ್ಷಣ ರಾಜಗುರುವಿನ ಆಜ್ಞೆ — ಗುರುವನ್ನು ಆಡಿಸುವುದು ಕಂಪ್ಯೂಟರೇ. ನೀಲಿಯನ್ನು ಹೊರಹಾಕು, ಇಲ್ಲವೇ ನಿನಗೇ ಬಹಿಷ್ಕಾರ, ಉಳಿದ ಸಾಮಂತರ ನಿಷ್ಠೆ ನೆಲಕಚ್ಚುತ್ತದೆ.

ಹೊರಹಾಕಿದರೆ ಅಕ್ಕ ಹೋದಳು, ಚಾಟ್ ಹೋಯಿತು. ಹಾಕದೆ ಸಿಂಹಾಸನ ಕಳೆದುಕೊಂಡರೆ ಆಟವೇ ಹೋಯಿತು. ತೀರ್ಮಾನ ಮುಂದಕ್ಕೆ ಹಾಕಲು 'ಪಾಸ್' ಒತ್ತಿ ಎದ್ದೆ.

ಮಾರ್ಚ್ 12, ಮಂಗಳವಾರ

ಅಂಗಡಿಯಲ್ಲಿ ಒಬ್ಬರಿಗೆ ಎಡಗಣ್ಣಿನ ಲೆನ್ಸ್ ಬಲಕ್ಕೆ ಕೂರಿಸಿಬಿಟ್ಟೆ. 'ಗಮನ ಎಲ್ಲಿದೆಯಪ್ಪಾ ನಿಂದು?' ಅಂದರು ಯಜಮಾನರು. ಎಲ್ಲೂ ಇಲ್ಲ, ನಿಜವಾಗಿ.

ಸಂಜೆ ಚಾಟ್‌ನಲ್ಲಿ ಅಕ್ಕ: 'ನನ್ನ ತೆಗೆದುಹಾಕೋ. ಯಾಕೆ ತಲೆ ಕೆಡಿಸ್ಕೋತೀಯ? ನನಗೆ ಅಭ್ಯಾಸ ಇದೆ.'

ಎದ್ದು ಹೋದೆ. ಪಾತ್ರೆ ತೊಳೆದೆ.

ಮಾರ್ಚ್ 31, ಭಾನುವಾರ, ಸಂಜೆ

'ಇನ್ನೂ ನಿಂತೇ ಇದೆಯಲ್ಲೋ ಆಟ. ಏನಂತೆ ಆ ಗುರುವಿಂದು?' ಅಂದರು ಅಪ್ಪ.

ಹೇಳಿದೆ.

'ಮತ ಬೇರೆ ಆದ್ರೇನು? ಕಷ್ಟಕ್ಕಾಗೋನು ಅವನೊಬ್ಬನೇ ತಾನೆ? ಬಿಡಬೇಡ ಅವನ್ನ.'

ಅಪ್ಪನ ಬಾಯಿಂದ ಈ ಮಾತು... ಗುರುವಿಗೆ 'ಇಲ್ಲ' ಒತ್ತಿದೆ. ಸಾಮಂತರು ಒಬ್ಬೊಬ್ಬರಾಗಿ ತಿರುಗಿಬಿದ್ದರು. ಕೋಟೆ ಸುತ್ತ ಕೆಂಪು, ಹಳದಿ, ಕಪ್ಪು. ಕರೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಗಡಿಯ ಕಡೆಯಿಂದ ನೀಲಿ.

ಅಪ್ಪ ಎದ್ದೇ ನಿಂತರು. 'ಬಂದ ನೋಡು! ಯಾರು ಹೆತ್ತ ಮಗನೋ ಪುಣ್ಯಾತ್ಮ!'

ಹೊಸ ಕನ್ನಡಕ ಬ್ಯಾಗಿನಲ್ಲಿತ್ತು. ನಾನೇ ಲೆನ್ಸ್ ಕೂರಿಸಿದ್ದು. ಎಷ್ಟೋ ದಿನದಿಂದ ತರುತ್ತೇನೆ, ಕೊಡದೆ ಹಾಗೇ ವಾಪಸ್ ಒಯ್ಯುತ್ತೇನೆ. ಇವತ್ತು ಕೈಗಿಟ್ಟೆ. ಹಾಕಿಕೊಂಡು ಪರದೆಗೆ ಬಗ್ಗಿದರು. ಮೂಲೆಯ ಅಕ್ಷರಗಳ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು.

'ಬಂದೆ ಕಣೋ... ಅಪ್ಪ... ಮಾತ್ರೆ ತಗೊಂಡ್ರಾ?'

ಇನ್ನೊಂದು ಸಲ ಓದಿದರು, ಮನಸ್ಸಿನಲ್ಲೇ. ಬೈಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. 'ಏಳು' ಅಂದು ನನ್ನ ಕುರ್ಚಿಯಲ್ಲಿ ಕೂತರು.

ಅಡುಗೆಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಭಯ ಆಗುತ್ತಿದೆ. ಬಹಳ ದಿನಗಳ ಮೇಲೆ ಏನೋ ಒಂದು ಆಗುತ್ತಿದೆ. ಹೊರಗೆ ಕೀಬೋರ್ಡ್ ಒಮ್ಮೆ ಟಕ್ ಅಂದಿತು. ನಿಂತಿತು. ಬರೆಯುತ್ತಿದ್ದಾರೋ, ಅಳಿಸುತ್ತಿದ್ದಾರೋ... ಈಗ ಮತ್ತೆ —